ತಿದ್ದಲಾಗದ ಗೆರೆ

ಜಪಾನಿನ ಕುಂಚಲೇಖನವನ್ನು ಕಲಿಯಲು ನನ್ನ ಬಳಿ ಬರುವ ಕನ್ನಡಿಗರಿಗೆ ಮೊದಲ ದಿನವೇ ನಮ್ಮ ‘ತಿದ್ದು’ ಎಂಬ ಕ್ರಿಯಾಪದವನ್ನು ನೆನಪಿಸುತ್ತೇನೆ. ಮೇಷ್ಟ್ರು ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ಬಳಪ ಆಡಿಸುವುದೂ ತಿದ್ದುವುದೇ, ತಪ್ಪಾದದ್ದನ್ನು ಸರಿಪಡಿಸುವುದೂ ತಿದ್ದುವುದೇ. ಜಪಾನೀಯರು ‘ಶೊ’ ಎಂದು ಕರೆಯುವ ಈ ಕಲೆಯಲ್ಲಿ ಹಳೆಯ ಲಿಪಿಕಾರರ ಬರಹವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವ ಕೆಲಸ ಜೀವಮಾನವಿಡೀ ನಡೆಯುತ್ತದೆ, ಅದಕ್ಕೆ ‘ರಿನ್ಶೊ’ ಎಂದು ಹೆಸರು. ಆದರೆ ಎರಡನೆಯ ಅರ್ಥದ ತಿದ್ದುವಿಕೆಗೆ ಇಲ್ಲಿ ಜಾಗವಿಲ್ಲ. ಓದಲಿಕ್ಕೇ ಆಗದಂಥ ಕೃತಿಗಳನ್ನು ರಚಿಸುವ ಇಂದಿನ ಕಲಾವಿದರನ್ನು ಕಂಡು ‘ಇದು ಮನಸ್ಸಿಗೆ ಬಂದಂತೆ ಗೀಚಿದ್ದಲ್ಲವೇ’ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ.

ಗೆರೆಯನ್ನು ಏಕೆ ತಿದ್ದಲಾಗದು ಎಂಬುದನ್ನು ತಿಳಿಯಬೇಕಾದರೆ ಮಸಿಯನ್ನೂ ಕಾಗದವನ್ನೂ ಹತ್ತಿರದಿಂದ ನೋಡಬೇಕು. ಮಸಿಗೆ ಹೆಸರಾದ ಊರು ನಾರಾ. ಅಲ್ಲಿನ ಸಾಂಪ್ರದಾಯಿಕ ಕ್ರಮದಲ್ಲಿ ಎಣ್ಣೆಯ ಹಣತೆಗಳ ಮೇಲೆ ಮಣ್ಣಿನ ಮುಚ್ಚಳ ಕವಿಚಿ ಮಸಿ ಹಿಡಿಯುತ್ತಾರೆ. ಮನೆಯಲ್ಲಿ ಹರಳೆಣ್ಣೆಯ ದೀಪದಿಂದ ಕಾಡಿಗೆ ಮಾಡಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಮಸಿಗೆ ಪ್ರಾಣಿಮೂಲದ ಅಂಟನ್ನು ಕಲಸಿ, ನಾದಿ, ಅಚ್ಚಿಗೆ ಹಾಕಿ ಒಣಗಿಸಿದ ಕಡ್ಡಿಯನ್ನು, ಸಾಣೆಕಲ್ಲಿನ ಮೇಲೆ ಗಂಧ ತೇಯುವಂತೆ, ಕಲ್ಲಿನ ಮೇಲೆ ನೀರು ಬಿಟ್ಟು ತೇಯಬೇಕು. ತೆಳುವಾದ ಕಾಗದಕ್ಕೆ ಕುಂಚ ತಾಗಿದೊಡನೆ ಮಸಿ ಎಳೆಗಳೊಳಗೆ ಇಳಿದು ಸುತ್ತಲೂ ಹಬ್ಬುತ್ತದೆ. ಹಾಗೆ ಹಬ್ಬಿದ ಅಂಚಿಗೆ ‘ನಿಜಿಮಿ’ ಎನ್ನುತ್ತಾರೆ. ಮಸಿ ತೀರುತ್ತ ಬಂದ ಕುಂಚ ವೇಗವಾಗಿ ಸರಿದಾಗ ನಡುನಡುವೆ ಬಿಳಿ ಉಳಿಯುವುದಕ್ಕೆ ‘ಕಸುರೆ’ ಎನ್ನುತ್ತಾರೆ. ಗೆರೆಯ ಮೇಲೆ ಮತ್ತೊಮ್ಮೆ ಕುಂಚವಿಟ್ಟರೆ, ಎಷ್ಟೇ ಜಾಣತನದಿಂದ ಇಟ್ಟರೂ, ಎರಡನೆಯ ಪದರ ಬೇರೆಯೇ ಆಗಿ ಎದ್ದು ಕಾಣುತ್ತದೆ. ಕೈ ಎಲ್ಲಿ ನಿಂತಿತು, ಎಲ್ಲಿ ಅವಸರಪಟ್ಟಿತು, ಎಲ್ಲಿ ಹಿಂಜರಿಯಿತು ಎಂಬುದೆಲ್ಲ ಕಾಗದದಲ್ಲಿ ಹಾಗೆಯೇ ಉಳಿದುಬಿಡುತ್ತದೆ.

ಈ ಬರವಣಿಗೆ ಕಲೆಯೇ ಅಲ್ಲವೇ ಎಂಬ ಚರ್ಚೆ ಜಪಾನಿನಲ್ಲೇ ನಡೆದದ್ದುಂಟು. 1882ರಲ್ಲಿ ಚಿತ್ರಕಾರ ಕೊಯಾಮಾ ಶೋತಾರೋ ಬರವಣಿಗೆ ಲಲಿತಕಲೆಯಲ್ಲವೆಂದು ವಾದಿಸಿದಾಗ ಅದಕ್ಕೆ ಕಲಾಚಿಂತಕ ಒಕಾಕುರಾ ತೆನ್‌ಶಿನ್ ಪ್ರತ್ಯುತ್ತರ ಬರೆದರು. ಕಲಾವಿದರು ತಮ್ಮ ಕೃತಿಗಳ ಮೂಲಕ ಉತ್ತರ ಕೊಟ್ಟದ್ದು ಮುಖ್ಯವಾಗಿ ಎರಡನೆಯ ಮಹಾಯುದ್ಧದ ನಂತರ. ಆಧುನಿಕ ಶೊ ಕಲೆಯ ಪಿತಾಮಹರೆನಿಸಿದ ಹಿದಾಯ್ ತೆನ್‌ರಾಯ್ ಅವರ ಮಗ ನಾಂಕೊಕು 1945ರಲ್ಲಿ ಒಂದೇ ಅಕ್ಷರ ಇಡೀ ಪದವಾಗಬಲ್ಲ ಆ ಲಿಪಿಯ ‘ವಿದ್ಯುತ್’ ಎಂಬ ಅಕ್ಷರದ ಪುರಾತನ ರೂಪವನ್ನು ಆಧಾರವಾಗಿಟ್ಟುಕೊಂಡು, ಓದಬೇಕೆಂಬ ಕಟ್ಟಿನಿಂದ ಗೆರೆಗಳನ್ನು ಬಿಡುಗಡೆ ಮಾಡಿದ ಕೃತಿಯೊಂದನ್ನು ರಚಿಸಿದರು. ತೆನ್‌ರಾಯ್ ಅವರ ಶಿಷ್ಯ ಉಯೆದಾ ಸೋಕ್ಯೂ 1951ರಲ್ಲಿ ಪ್ರದರ್ಶಿಸಿದ ‘ಪ್ರೀತಿ’ ಎಂಬ ಕೃತಿಯಂತೂ ದೊಡ್ಡ ವಿವಾದವನ್ನೇ ಎಬ್ಬಿಸಿತು. ಹೆಸರು ‘ಪ್ರೀತಿ’ ಎಂದಿದ್ದರೂ ಕಾಗದದ ಮೇಲಿದ್ದ ರೂಪ ಆ ಅಕ್ಷರವನ್ನು ಹೋಲದೆ, ಮೂರು ಚೌಕಗಳಿಂದಾಗುವ ‘ವಸ್ತು’ ಎಂಬ ಅಕ್ಷರವನ್ನು ಹೋಲುತ್ತಿತ್ತು. ಅಂಬೆಗಾಲಿಡುವ ಮೊಮ್ಮಗುವನ್ನು ನೋಡಿ ಸೋಕ್ಯೂ ಅವರಿಗೆ ಆ ರೂಪ ಹೊಳೆಯಿತೆಂದು ಹೇಳುತ್ತಾರೆ. ಅದನ್ನು ತಿಳಿದು ನೋಡಿದಾಗ ಆ ಮೂರು ದಪ್ಪ ರೂಪಗಳಲ್ಲಿ ಮಗುವೊಂದು ನೆಲದ ಮೇಲೆ ತನ್ನ ಭಾರವನ್ನು ಊರಿ ಊರಿ ಮುಂದೆ ಬರುವುದು ನನಗಂತೂ ಕಾಣಿಸುತ್ತದೆ.

ಅದೇ 1951ರಲ್ಲಿ ಶೊ ಕಲಾವಿದ ಮೊರಿತಾ ಶಿರ್ಯೂ ‘ಬೊಕುಬಿ’ ಪತ್ರಿಕೆಯನ್ನು ಆರಂಭಿಸಿ, ಮೊದಲ ಸಂಚಿಕೆಯ ಮುಖಪುಟದಲ್ಲಿ ಅಮೆರಿಕದ ಫ್ರಾಂಜ್ ಕ್ಲೈನ್ ಅವರ ಕಪ್ಪು ಬಿಳುಪಿನ ಅಮೂರ್ತ ಚಿತ್ರವನ್ನು ಪ್ರಕಟಿಸಿದರು. ಮರುವರ್ಷ ಮೊರಿತಾ, ಇನೋವೆ ಯೂಯಿಚಿ ಮೊದಲಾದ ಐವರು ಕ್ಯೋಟೊದಲ್ಲಿ ‘ಬೊಕುಜಿನ್‌ಕಾಯ್’ ಎಂಬ ಸಂಘ ಕಟ್ಟಿದರು. ಕ್ಲೈನ್ ಅವರ ಚಿತ್ರವನ್ನೂ ಮೊರಿತಾ ಅವರ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟರೆ ದೂರದಿಂದ ಒಂದೇ ಕೈಯವೆನ್ನಿಸಬಹುದು. ಆದರೆ ಕ್ಲೈನ್ ಕಪ್ಪಿನಷ್ಟೇ ಶ್ರದ್ಧೆಯಿಂದ ಬಿಳಿ ಬಣ್ಣವನ್ನೂ ಬಳಿಯುತ್ತಿದ್ದರು. ಬಿಳಿಯಿಂದ ಕಪ್ಪಿನ ಅಂಚನ್ನು ಕತ್ತರಿಸಿ ಮತ್ತೆ ರೂಪಿಸುತ್ತಿದ್ದರು. ಶೊ ಕಲೆಯಲ್ಲಿ ಬಿಳಿಯೆಂದರೆ ಕುಂಚ ಮುಟ್ಟದೆ ಬಿಟ್ಟ ಕಾಗದ, ಅದನ್ನು ಮತ್ತೆ ಸೇರಿಸುವ ದಾರಿಯಿಲ್ಲ. ಈ ಒಂದು ವ್ಯತ್ಯಾಸವನ್ನು ಮರೆತು ಎರಡನ್ನೂ ಒಂದೇ ಎನ್ನುವ ಬರಹಗಳು ಓದುಗರಿಗೆ ಅನ್ಯಾಯ ಮಾಡುತ್ತವೆ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಅಕ್ಷರವನ್ನೇ ಕೈಬಿಡಬಹುದೇ? ಈ ಪ್ರಶ್ನೆಯಲ್ಲಿ ಅವರವರಲ್ಲೇ ಒಮ್ಮತವಿರಲಿಲ್ಲ. ನಾಂಕೊಕು ಅಕ್ಷರವನ್ನು ದಾಟಿ ಗೆರೆಯ ಕಡೆಗೆ ಹೋದರು. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದ ಇನೋವೆ 1950ರ ದಶಕದ ನಡುವಿನಲ್ಲಿ ಎನಾಮಲ್ ಬಣ್ಣದಿಂದ ಅಕ್ಷರವಿಲ್ಲದ ಕೃತಿಗಳನ್ನು ಮಾಡಿ ನೋಡಿ, ಕೊನೆಗೆ ಅಕ್ಷರಕ್ಕೇ ಮರಳಿದರು. ಬಳಿಕ ‘ಬಡತನ’ ಎಂಬ ಒಂದೇ ಅಕ್ಷರವನ್ನು ಹಲವು ವರ್ಷ ಮತ್ತೆ ಮತ್ತೆ ಬರೆದರು. ನನ್ನ ಒಲವು ಇನೋವೆ ಅವರ ಕಡೆಗಿದೆ. ಅಕ್ಷರವಾದರೆ ಗೆರೆಗಳ ಕ್ರಮ ಮೊದಲೇ ಗೊತ್ತಿರುವುದರಿಂದ ಕೈಗೆ ಮುಂದೇನು ಎಂಬ ಚಿಂತೆಯಿರುವುದಿಲ್ಲ. ರಾಗದ ಆರೋಹಣ ಅವರೋಹಣಗಳು ಗಂಟಲಿಗೆ ಕೂತ ಗಾಯಕರಂತೆ ಬರೆಯುವವರು ಒತ್ತಡ, ವೇಗ, ಉಸಿರುಗಳಿಗೆ ಪೂರ್ತಿಯಾಗಿ ತಮ್ಮನ್ನು ಕೊಟ್ಟುಕೊಳ್ಳಬಹುದು.

ಇನೋವೆ ಅವರ ಇನ್ನೊಂದು ಕೃತಿಯನ್ನು ಹೇಳದೆ ಮುಂದೆ ಹೋಗಲಾರೆ. 1945ರ ಮಾರ್ಚ್ 10ರ ವಾಯುದಾಳಿಯಲ್ಲಿ ಟೋಕಿಯೊದ ಯೊಕೊಕಾವಾ ಶಾಲೆ ಬೆಂಕಿಗೆ ಸಿಕ್ಕಿತು. ಅಲ್ಲಿ ಶಿಕ್ಷಕರಾಗಿದ್ದ ಇನೋವೆ ಬದುಕುಳಿದರು, ಆಶ್ರಯ ಬೇಡಿ ಬಂದವರು ಅಪಾರ ಸಂಖ್ಯೆಯಲ್ಲಿ ಸತ್ತರು. ಮೂವತ್ತಮೂರು ವರ್ಷಗಳ ನಂತರ, 1978ರಲ್ಲಿ, ಆ ರಾತ್ರಿಯನ್ನು ಅವರು ದೊಡ್ಡ ಹಾಳೆಯೊಂದರ ತುಂಬ ಬರೆದರು. ಅಕ್ಷರಗಳು ಒಂದರ ಮೇಲೊಂದು ಒತ್ತರಿಸಿವೆ, ಕೆಲವು ಮಸಿಯಲ್ಲಿ ಕಲಸಿಹೋಗಿವೆ, ಹೊಡೆದುಹಾಕಿದ ಜಾಗಗಳನ್ನೂ ಹಾಗೆಯೇ ಬಿಟ್ಟಿದ್ದಾರೆ. ಅಂದವಾಗಿ ಬರೆಯಬಲ್ಲ ಕೈ ಅದು. ಆ ರಾತ್ರಿಯನ್ನು ಅಂದವಾಗಿ ಬರೆಯಲು ಅದು ಒಪ್ಪಲಿಲ್ಲ.

ಇಂದು ಈ ಕಲೆ ಹಲವು ಕಡೆ ಹರಡಿಕೊಂಡಿದೆ. ಎಹಿಮೆ ಪ್ರಾಂತದ ಶಿಕೊಕುಚೂಓ ಎಂಬ ಕಾಗದದ ಊರಿನಲ್ಲಿ 2008ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳು ಸಂಗೀತದ ಜೊತೆಗೆ ಗುಂಪಾಗಿ ಬೃಹತ್ ಹಾಳೆಯ ಮೇಲೆ ಬರೆಯುವ ಸ್ಪರ್ಧೆ ನಡೆಯುತ್ತಿದೆ. 2021ರಲ್ಲಿ ಜಪಾನ್ ಸರ್ಕಾರ ಶೊದೋವನ್ನು, ಅಂದರೆ ಈ ಕುಂಚಲೇಖನವನ್ನು, ಅಮೂರ್ತ ಸಾಂಸ್ಕೃತಿಕ ಆಸ್ತಿಯಾಗಿ ನೋಂದಾಯಿಸಿತು.

ಇಂಥ ಕೃತಿಯ ಮುಂದೆ ನಿಂತಾಗ ಅರ್ಥ ಹುಡುಕುವುದನ್ನು ಸ್ವಲ್ಪ ಹೊತ್ತು ಬದಿಗಿಡಿ. ಮಸಿ ಅತ್ಯಂತ ದಟ್ಟವಾಗಿ ಹಬ್ಬಿರುವ ಜಾಗವನ್ನು ಗುರುತಿಸಿ. ಬಹುಮಟ್ಟಿಗೆ ಕುಂಚ ತುಂಬಿಕೊಂಡು ಬಂದು ಮೊದಲು ಇಳಿದದ್ದು ಅಲ್ಲೇ. ಅಲ್ಲಿಂದ ಗಾಳಿಯಲ್ಲಿ ಬೆರಳಾಡಿಸುತ್ತ ಗೆರೆಯ ಬೆನ್ನುಹತ್ತಿ, ಗೆರೆ ಒಣಗಿದ ಕಡೆ ವೇಗ ಹೆಚ್ಚಿಸಿ, ದಪ್ಪವಾದ ಕಡೆ ನಿಧಾನಿಸಿ. ನನ್ನ ತರಗತಿಯಲ್ಲಿ ಜಪಾನಿ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ಹಿರಿಯರೊಬ್ಬರು ಒಂದು ಕೃತಿಯ ಛಾಯಾಚಿತ್ರದ ಮುಂದೆ ಹೀಗೆ ಬೆರಳಾಡಿಸುತ್ತ ಹೋಗಿ, ಕೊನೆಯ ಗೆರೆಯ ತಿರುವಿನಲ್ಲಿ ತಟ್ಟನೆ ನಿಂತು, ‘ಇಲ್ಲಿ ಇವರು ಉಸಿರು ಬಿಟ್ಟಿದ್ದಾರೆ’ ಎಂದರು.