ಹಳೇ ಗೋಡೆಗೆ ಸಿಮೆಂಟ್ ಹಚ್ಚಬೇಡಿ, ದಯವಿಟ್ಟು

ಮಳೆಗಾಲ ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಒಂದೇ ತರಹದ ಫೋಟೋಗಳು ಬರುತ್ತವೆ. ಗೋಡೆಯ ಕೆಳಗೆ ಕಪ್ಪು ಕಲೆ, ಉಬ್ಬಿದ ಬಣ್ಣ, ನೆಲದ ಮೇಲೆ ಉದುರಿದ ಚಕ್ಕೆ. ಜೊತೆಗೆ ಒಂದು ಸಾಲು: "ಸರ್, ಹೋದ ವರ್ಷ ತಾನೇ ವಾಟರ್‌ಪ್ರೂಫ್ ಮಾಡಿದ್ದೆ."

ನಾನು ಸಿವಿಲ್ ಎಂಜಿನಿಯರ್. ಮೈಸೂರಿನ ಹಳೇ ಬಡಾವಣೆಗಳ ಮನೆಗಳನ್ನು ರಿಪೇರಿ ಮಾಡಿಸುತ್ತೇನೆ. ಆ ಸಾಲು ಓದಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಇಂಥ ಮನೆಗಳಲ್ಲಿ ಗೋಡೆಯನ್ನು ಕೆಡಿಸಿದ್ದು ಹೆಚ್ಚಿನ ಸಲ ಆ ವಾಟರ್‌ಪ್ರೂಫೇ.

ಲಕ್ಷ್ಮೀಪುರಂನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ತಮ್ಮ ಕೈಯಲ್ಲಿ ಆಗುವ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವವರಲ್ಲ. ಯೂಟ್ಯೂಬ್ ನೋಡಿ, ಸಿಮೆಂಟಿಗೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿ, ನಡುಮನೆ ಗೋಡೆಗೆ ಮೂರಡಿವರೆಗೆ ತಾವೇ ಪ್ಲಾಸ್ಟರ್ ಮಾಡಿದರು. ಒಂದು ವರ್ಷ ಚೆನ್ನಾಗಿತ್ತು. ಮುಂದಿನ ಮಳೆಗೆ ನಾಲ್ಕಡಿಯಲ್ಲಿ ಕಲೆ ಬಂತು. ಐದಡಿವರೆಗೆ ಹಚ್ಚಿದರು. ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್. ನಾನು ಹೋಗುವಷ್ಟರಲ್ಲಿ ತೇವ ಐದೂವರೆ ಅಡಿ ದಾಟಿತ್ತು. ತೇಗದ ಬಾಗಿಲುವಾಡದ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಒಳಗಿಳಿಯಿತು.

"ನಮ್ಮ ತಂದೆ ಮಾಡಿಸಿದ ಬಾಗಿಲು ಸರ್," ಅಂದರು. "ನಾನು ಒಳ್ಳೇದಕ್ಕೇ ಮಾಡಿದ್ದಲ್ವಾ?"

ಒಳ್ಳೇದಕ್ಕೇ ಮಾಡಿದ್ದು. ಅವರ ಕೈಕೆಲಸ ಕೂಡ ನೀಟಾಗಿತ್ತು. ಹಚ್ಚಿದ ವಸ್ತು ಮಾತ್ರ ಆ ಗೋಡೆಯದಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ. ಈಗಿನ ಮನೆಗಳಲ್ಲಿ ಪಾಯದ ಮೇಲೆ, ಗೋಡೆಯ ಕೆಳಗೆ, ತೇವ ತಡೆಯುವ ಒಂದು ಪದರ ಹಾಕುತ್ತಾರೆ. ಮೇಸ್ತ್ರಿಗಳು ಡಿಪಿಸಿ ಅನ್ನುತ್ತಾರೆ. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ನಡುವೆ ಮಣ್ಣು ಅಥವಾ ಸುಣ್ಣದ ಗಾರೆ, ಮೇಲೆ ಸುಣ್ಣದ್ದೇ ಪ್ಲಾಸ್ಟರ್. ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ನೆಲದ ನೀರು ಗೋಡೆಯಲ್ಲಿ ಏರುತ್ತದೆ. ಏರಲಿ, ತೊಂದರೆಯಿಲ್ಲ. ಸುಣ್ಣದ ಗಾರೆಯ ತುಂಬ ಸಣ್ಣ ಸಣ್ಣ ರಂಧ್ರಗಳಿವೆ. ಏರಿದ ನೀರು ಮೊಣಕಾಲೆತ್ತರದಲ್ಲೇ ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಗೋಡೆ ಕುಡಿಯುತ್ತದೆ, ಗೋಡೆ ಆರುತ್ತದೆ.

ಇನ್ನೊಂದು ರೀತಿ ಹೇಳುತ್ತೇನೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೂಜಿ ಬೆವರುವುದರಿಂದ. ಅದಕ್ಕೆ ಆಯಿಲ್ ಪೇಂಟ್ ಬಳಿದರೆ ಬೆವರು ನಿಂತಿತು. ನಿಮ್ಮ ಗೋಡೆ ಆ ಹೂಜಿ. ಸಿಮೆಂಟ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಮೂರೂ ಸೇರಿ ಅದರ ಮೈ ಮುಚ್ಚುತ್ತವೆ. ಕೆಳಗಿನಿಂದ ನೀರು ಬರುವುದು ಮಾತ್ರ ನಿಲ್ಲುವುದಿಲ್ಲ. ಮೂರಡಿ ಮುಚ್ಚಿದರೆ ನಾಲ್ಕಡಿಯಲ್ಲಿ ದಾರಿ ಹುಡುಕುತ್ತದೆ. ಐದಡಿ ಮುಚ್ಚಿದರೆ ಅದರ ಮೇಲೆ. ಹತ್ತಿರದಲ್ಲಿ ಮರವಿದ್ದರೆ ಮರಕ್ಕೆ ಹೋಗುತ್ತದೆ, ಅದರ ಹಿಂದೆ ಗೆದ್ದಲು. ನೀರಿನ ಜೊತೆ ಉಪ್ಪೂ ಬರುತ್ತದೆ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತದೆ. ನೀವು ನೋಡುವ ಚಕ್ಕೆ ಅದೇ.

"ಆದರೆ ಸಿಮೆಂಟ್ ಗಟ್ಟಿ ಅಲ್ವಾ ಸರ್?" ಇದು ಎರಡನೇ ಪ್ರಶ್ನೆ. ಗಟ್ಟಿಯೇ. ಗಟ್ಟಿಯಾಗಿರುವುದೇ ಇಲ್ಲಿ ತೊಂದರೆ. ಹಳೇ ಇಟ್ಟಿಗೆ ಮೆತ್ತಗೆ. ಬಿಸಿಲಿಗೆ, ಮಳೆಗೆ ಗೋಡೆ ಚೂರು ಅಲುಗುತ್ತದೆ. ಸುಣ್ಣ ಅದರ ಜೊತೆ ಹೊಂದಿಕೊಳ್ಳುತ್ತದೆ, ಸಿಮೆಂಟ್ ಹೊಂದಿಕೊಳ್ಳದೆ ಬಿರುಕು ಬಿಡುತ್ತದೆ. ಕಿತ್ತು ಬರುವಾಗ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ಸುಣ್ಣ ದುರ್ಬಲ ಅನ್ನುವವರಿಗೆ ನಾನು ಕೆಆರ್‌ಎಸ್ ತೋರಿಸುತ್ತೇನೆ. 1911ರಲ್ಲಿ ಶುರುವಾದ ಆ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣದಲ್ಲಿ.

ಮೇಷ್ಟ್ರ ಮನೆಯಲ್ಲಿ ಇನ್ನೂ ಎರಡು ಕಾರಣ ಸಿಕ್ಕವು. ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಕೂರಿಸಿದ್ದರು. ನೆಲದಿಂದ ಅಷ್ಟಿಷ್ಟು ಆರುತ್ತಿದ್ದ ತೇವವೂ ಗೋಡೆ ಕಡೆಗೆ ತಿರುಗಿತ್ತು. ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿದ್ದರು, ಇಳಿಜಾರು ಮನೆಯ ಕಡೆಗೇ ಇತ್ತು. ಇದನ್ನು ಮೊದಲು ನೋಡಬೇಕು. ಪೈಪ್ ಸೋರುತ್ತಿದೆಯಾ, ಮಳೆನೀರಿನ ದೋಣಿ ಒಡೆದಿದೆಯಾ, ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ನಿಮ್ಮ ಮನೆ ತಗ್ಗಾಗಿದೆಯಾ? ಎಷ್ಟೋ ಮನೆಗಳಲ್ಲಿ ಗೋಡೆ ಮುಟ್ಟದೆ ಬರೀ ನೀರಿನ ದಾರಿ ಸರಿ ಮಾಡಿದರೆ ಅರ್ಧ ರೋಗ ವಾಸಿಯಾಗುತ್ತದೆ.

ಇನ್ನು ಗೋಡೆ. ಒಂದು ಮೂಲೆಯಲ್ಲಿ ಮೊಳೆಯಿಂದ ಕೆರೆದು ನೋಡಿ. ಸುಲಭಕ್ಕೆ ಬಾರದ ಬೂದು ಬಣ್ಣದ್ದು ಸಿಮೆಂಟ್. ಬಿಳಿ ಪುಡಿಯಾಗಿ ಉದುರಿದರೆ ಸುಣ್ಣ, ಕಂದು ಬಣ್ಣದ್ದಾದರೆ ಮಣ್ಣು. ಒಂದೇ ಮನೆಯಲ್ಲಿ ಮೂರೂ ಇರಬಹುದು, ಅದಕ್ಕೇ ನಾಲ್ಕೈದು ಕಡೆ ನೋಡಿ. ಸಿಮೆಂಟ್ ಪದರವನ್ನು ಕೈಉಳಿಯಲ್ಲಿ ಮೆಲ್ಲಗೆ ಬಿಡಿಸಿ. ಬ್ರೇಕರ್ ಮೆಷಿನ್ ಬೇಡ. ಆಮೇಲೆ ಸುಮ್ನೆ ಬಿಡಿ. ಗೋಡೆ ಒಣಗಲು ಇಂಚಿಗೊಂದು ತಿಂಗಳು ಅಂತ ಒಂದು ಅಂದಾಜಿನ ಲೆಕ್ಕವಿದೆ. ಹದಿನೆಂಟು ಇಂಚಿನ ಗೋಡೆ ಎರಡೂ ಕಡೆಯಿಂದ ಆರಿದರೂ ಒಂಬತ್ತು ತಿಂಗಳು. ಈ ಮಾತು ಕೇಳಿದ ತಕ್ಷಣ ಜನರ ಮುಖ ಸಪ್ಪಗಾಗುತ್ತದೆ. ಗೃಹಪ್ರವೇಶದ ಕಾರ್ಡ್ ಅಚ್ಚಾಗಿರುತ್ತೆ, ಮಗಳ ಮದುವೆ ಇರುತ್ತೆ, ನನಗೂ ಅರ್ಥವಾಗುತ್ತದೆ. ಆದರೂ ಹಸಿ ಗೋಡೆಗೆ ಏನು ಹಚ್ಚಿದರೂ ನಿಲ್ಲುವುದಿಲ್ಲ.

ಒಣಗಿದ ಮೇಲೆ ಸುಣ್ಣದ ಪ್ಲಾಸ್ಟರ್. ಒಂದು ಪಾಲು ನೆನೆಸಿದ ಸುಣ್ಣಕ್ಕೆ ಮೂರು ಪಾಲು ಮರಳಿನಿಂದ ಶುರು ಮಾಡಿ, ಗೋಡೆ ನೋಡಿ ಹೆಚ್ಚುಕಡಿಮೆ ಮಾಡಬೇಕಾಗುತ್ತದೆ. ತೆಳುವಾಗಿ ಎರಡು ಮೂರು ಸಲ ಹಚ್ಚಿ. ಸುಟ್ಟ ಸುಣ್ಣದ ಕಲ್ಲನ್ನು ನೀವೇ ನೀರಿಗೆ ಹಾಕುವ ಸಾಹಸ ಬೇಡ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ನೆನೆಸಿದ ಸುಣ್ಣವನ್ನೇ ತನ್ನಿ. ಅದನ್ನು ಹಚ್ಚುವಾಗಲೂ ಕನ್ನಡಕ, ಕೈಗವಸು ಇರಲಿ.

ತಾರಸಿ ಬಗ್ಗೆ ಎರಡು ಮಾತು ಸಾಕು. ತೇಗದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಕೂರಿಸಿದ ಮದ್ರಾಸ್ ತಾರಸಿ ನಿಮ್ಮದಾದರೆ, ಸೋರುತ್ತದೆ ಅಂತ ಅದರ ಮೇಲೆ ಸಿಮೆಂಟ್ ಕಾಂಕ್ರೀಟ್ ಸುರಿಯಬೇಡಿ. ಭಾರ ಜಾಸ್ತಿಯಾಗುತ್ತದೆ, ಒಳಗೆ ಸಿಕ್ಕಿಕೊಂಡ ನೀರು ತೊಲೆಯ ತುದಿಗಳನ್ನು ತಿನ್ನುತ್ತದೆ. ತೊಲೆ ಬಾಗಿದ್ದರೆ, ಗೋಡೆ ವಾಲಿದ್ದರೆ, ಬೆರಳು ತೂರುವ ಬಿರುಕಿದ್ದರೆ, ಅಥವಾ ಹಾಲ್ ದೊಡ್ಡದು ಮಾಡಲು ಗೋಡೆ ಒಡೆಯಬೇಕೆನಿಸಿದರೆ, ಸುತ್ತಿಗೆ ಕೆಳಗಿಟ್ಟು ಎಂಜಿನಿಯರ್ ಒಬ್ಬರನ್ನು ಕರೆಯಿರಿ. ಇಂಥ ಮನೆಗಳಲ್ಲಿ ಗೋಡೆಯೇ ಕಂಬ. ಫೋಟೋ ನೋಡಿ ನಾನೂ ಏನೂ ಹೇಳುವುದಿಲ್ಲ, ಕಣ್ಣಾರೆ ನೋಡಬೇಕು.

ಮೇಷ್ಟ್ರು ಜನವರಿಯಲ್ಲಿ ಸಿಮೆಂಟ್ ಬಿಡಿಸಿದರು. ಒಂಬತ್ತು ತಿಂಗಳು ನಡುಮನೆಯಲ್ಲಿ ಇಟ್ಟಿಗೆ ಕಾಣುತ್ತಿತ್ತು. ಬಂದವರೆಲ್ಲ ಕೇಳುತ್ತಿದ್ದರಂತೆ, ಅವರು ಒಬ್ಬೊಬ್ಬರಿಗೂ ಹೂಜಿಯ ಕಥೆ ಹೇಳಿದ್ದಾರೆ. ಬಾಗಿಲುವಾಡದ ಬುಡಕ್ಕೆ ಬಡಗಿ ಹೊಸ ತೇಗದ ತುಂಡು ಬೆಸೆದುಕೊಟ್ಟ. ಸುಣ್ಣದ ಪ್ಲಾಸ್ಟರ್ ಆರಿದ ಮೇಲೆ ತಾವೇ ಏಣಿ ಹತ್ತಿ ಸುಣ್ಣ ಬಳಿದರು. ಹೋದ ವಾರ ಫೋನ್ ಮಾಡಿದ್ದರು. ಈಗ ದೇವರಮನೆಯ ಪುಟ್ಟಿ ಕೆರೆಯುತ್ತಿದ್ದಾರಂತೆ, ಕೆಳಗೆ ಅವರ ತಂದೆಯ ಕಾಲದ ನೀಲಿ ಸುಣ್ಣ ಸಿಕ್ಕಿದೆಯಂತೆ.