ಟರ್ಕಿ ಕೋಳಿಗೂ ಕಲ್ಲಿಕೋಟೆಗೂ ಎಂತ ಸಂಬಂಧ?

ಪೆರ್ಲದ ಹತ್ತಿರ ನಮ್ಮ ಸಂಬಂಧಿಕರ ಅಂಗಳದಲ್ಲಿ ಎರಡು ಟರ್ಕಿ ಕೋಳಿ ಉಂಟು. ಒಳಗೆ ಕುಕ್ಕರ್ ಸೀಟಿ ಹೊಡೆದ್ರೆ ಸಾಕು, ಗಂಡು ಕುತ್ತಿಗೆ ಚಾಚಿ ಗೊಳಗೊಳಗೊಳ ಅಂತ ಉತ್ತರ ಕೊಡ್ತದೆ, ನೀಲಿ ಇದ್ದ ಬೋಳು ತಲೆ ನೋಡ್ತಾ ನೋಡ್ತಾ ಕೆಂಪಾಗ್ತದೆ. ಮೊನ್ನೆ ಅಲ್ಲಿಗೆ ಬಂದಿದ್ದ ಒಬ್ರು "ಟರ್ಕಿ ದೇಶದ ತಳಿ ಅಲ್ವಾ, ಅದಕ್ಕೇ ಈ ಗತ್ತು" ಅಂದ್ರು. ನಂಗೆ ತಡೀಲಿಕ್ಕೆ ಆಗ್ಲಿಲ್ಲ ಮಾರಾಯ್ರೆ.

ಅದು ಅಪ್ಪಟ ಅಮೆರಿಕದ ಹಕ್ಕಿ, ಈ ಸಾಕುಕೋಳಿಯ ಮೂಲ ಮೆಕ್ಸಿಕೋ. ಆಫ್ರಿಕಾದ ಗಿನಿ ಕೋಳಿ ಟರ್ಕಿ ಕಡೆಯ ವ್ಯಾಪಾರಿಗಳ ಕೈದಾಟಿ ಇಂಗ್ಲೆಂಡಿಗೆ ಬರ್ತಿತ್ತು, ಅದನ್ನ ಟರ್ಕಿ ಕೋಳಿ ಅಂತಿದ್ರು. 16ನೇ ಶತಮಾನದಲ್ಲಿ ಸ್ಪೇನಿನವರು ಅಮೆರಿಕದಿಂದ ಇದನ್ನ ತಂದಾಗ ಎರಡೂ ಒಂದೇ ಅಂತ ಗಲಿಬಿಲಿ ಆಗಿ, ಹೆಸರು ಹೋಗಿ ಹೊಸದಕ್ಕೆ ಅಂಟಿಕೊಂಡ್ತು.

ಹೆಸರಿಡುವವ ಮೂಲ ಹುಡುಕಿಕೊಂಡು ಹೋಗುದಿಲ್ಲ, ತಂದುಕೊಟ್ಟವನ ಮುಖ ನೋಡ್ತಾನೆ ಅಷ್ಟೆ. ನಮ್ಮ ಗೇರುಮರ ನೋಡಿ, ಬ್ರೆಜಿಲಿನದ್ದನ್ನ ಪೋರ್ಚುಗೀಸರು ತಂದ್ರು, ಮಲಯಾಳದಲ್ಲಿ ಪರಂಗಿಮಾವು ಆಯ್ತು, ಪರಂಗಿ ಅಂದ್ರೆ ಫರಂಗಿಯೇ. ಮೆಕ್ಸಿಕೋ ಕಡೆಯದ್ದೇ ಇನ್ನೊಂದು ಸೀಮೆಬದನೆ, ನಮಗದು ಸೀಮೆಯದ್ದು, ತಮಿಳರಿಗೆ ಬೆಂಗಳೂರು ಕತ್ತರಿಕ್ಕಾಯಿ! ಸೊಸೆಯನ್ನ ತವರೂರಿನ ಹೆಸರಲ್ಲಿ ಕರೆಯುವ ಬದಲು ಅವಳು ಇಳಿದ ಬಸ್ಸಿನ ಹೆಸರಲ್ಲಿ ಕರೆದ ಹಾಗೆ.

ಹಾಗಾದ್ರೆ ಟರ್ಕಿಯವರು ಇದಕ್ಕೆ ಎಂತ ಹೇಳ್ತಾರೆ? ಹಿಂದಿ. ಅಂದ್ರೆ ಇಂಡಿಯಾದ್ದು! ಫ್ರೆಂಚಿನ ದಾಂದ್ ಕೂಡ ಅದೇ ಅರ್ಥ. ಕೊಲಂಬಸ್ 1492ರಲ್ಲಿ ಮುಟ್ಟಿದ ನೆಲವನ್ನ ಇಂಡಿಯಾ ಅಂದುಕೊಂಡದ್ದರ ಬಾಲ ಇದು. ಡಚ್ಚರು ಇನ್ನೂ ಒಂದು ಹೆಜ್ಜೆ ಮುಂದೆ, ಕಾಲ್ಕೂನ್ ಅಂತಾರೆ, ಅಂದ್ರೆ ಕ್ಯಾಲಿಕಟ್, ನಮ್ಮ ಕಲ್ಲಿಕೋಟೆಯ ಕೋಳಿ! ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದ ಮೇಲೆ ಯುರೋಪಿನವರಿಗೆ ಇಂಡಿಯಾ ಅಂದ್ರೆ ಕಲ್ಲಿಕೋಟೆಯೇ ಅಲ್ವಾ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಲ್ಲೂ ಇದೇ ಹೆಸರು ಸ್ವಲ್ಪ ತಿರುಚಿ ಉಂಟು. ಕಾಸರಗೋಡಲ್ಲಿ ರೈಲು ಹತ್ತಿದ್ರೆ ಸಿಗುವ ಊರು, ಅಲ್ಲಿಯ ಮೀನ್ ಮಾರ್ಕೆಟಲ್ಲಿ ಹೇಳಿ ನೋಡಿ, ನಗಾಡ್ತಾರೆ. (ಕೋಳಿಗೆ ಅಲ್ಲಿ ಕೋಝಿ, ಊರು ಕೋಝಿಕ್ಕೋಡ್, ಅದಕ್ಕೇ ಈ ಹೆಸರು ಅಂತ ಯಾರೂ ವಾಟ್ಸಾಪಲ್ಲಿ ಹಾಕ್ಬೇಡಿ, ಸಂಬಂಧ ಇಲ್ಲ.) ಪೋರ್ಚುಗೀಸರು ಮಾತ್ರ ದಕ್ಷಿಣ ಅಮೆರಿಕದ ಪೆರು ದೇಶದ ಹೆಸರಲ್ಲಿ ಪೆರು ಅಂದ್ರು, ಅದೂ ತಪ್ಪೇ, ಆದ್ರೆ ಅಮೆರಿಕದ ಕಡೆ ಅನ್ನುದಾದ್ರೂ ಸರಿ ಉಂಟು.

ವಿಜ್ಞಾನಿಗಳಾದ್ರೂ ಸರಿ ಮಾಡಿದ್ರಾ? 1758ರಲ್ಲಿ ಲಿನೇಯಸ್ ಕೊಟ್ಟ ಹೆಸರು ಮೆಲಿಯಾಗ್ರಿಸ್ ಗ್ಯಾಲೊಪಾವೊ. ಮೆಲಿಯಾಗ್ರಿಸ್ ಅಂದ್ರೆ ಗ್ರೀಕರ ಗಿನಿ ಕೋಳಿ, ಗ್ಯಾಲೊ ಹುಂಜ, ಪಾವೊ ನವಿಲು. ಮೂರು ಹಕ್ಕಿಯ ಹೆಸರು ಸಾಲ ತಂದು ಹೊಲಿದದ್ದು, ಅದರ ಸ್ವಂತದ್ದು ಒಂದೂ ಇಲ್ಲ. ಸ್ವಂತದ್ದು ಬೇಕಾದ್ರೆ ಮೆಕ್ಸಿಕೋಕ್ಕೇ ಹೋಗ್ಬೇಕು: ಅಲ್ಲಿಯ ನಾವಾತ್ಲ್ ಭಾಷೆಯಿಂದ ಬಂದ ಗ್ವಾಹೊಲೋತೆ ಅನ್ನುವ ಶಬ್ದ ಹಳ್ಳಿ ಅಂಗಳಗಳಲ್ಲಿ ಇವತ್ತಿಗೂ ಓಡ್ತಾ ಉಂಟು.