ಮಹಾಲೆಯ ಚಿಂಪಾಂಜಿಗಳ ಜೊತೆ ಒಂದೇ ಗಂಟೆ ಯಾಕೆ?

ಟಾಂಜಾನಿಯಾದ ಮಹಾಲೆ ಬೆಟ್ಟಗಳಿಗೆ ಚಿಂಪಾಂಜಿ ನೋಡಲು ಹೋಗುವವರಿಗೆ ಮೊದಲೇ ಹೇಳಿಬಿಡುತ್ತಾರೆ: ಚಿಂಪಾಂಜಿ ಸಿಕ್ಕ ಮೇಲೆ ಒಂದೇ ಗಂಟೆ. ತಂಡದಲ್ಲಿ ಆರು ಪ್ರವಾಸಿಗರಿಗಿಂತ ಜಾಸ್ತಿ ಇಲ್ಲ. ಹತ್ತು ಮೀಟರ್ ದೂರ ನಿಲ್ಲಬೇಕು. ಮಾಸ್ಕ್ ತೆಗೆಯುವ ಹಾಗಿಲ್ಲ. ನೆಗಡಿ, ಕೆಮ್ಮು ಇದ್ದವರನ್ನು ಬಿಡುವುದಿಲ್ಲ, ಹನ್ನೆರಡು ವರ್ಷದೊಳಗಿನ ಮಕ್ಕಳನ್ನೂ ಬಿಡುವುದಿಲ್ಲ. ಇಷ್ಟು ದೂರ ಬಂದು, ಇಷ್ಟು ದುಡ್ಡು ಸುರಿದವರಿಗೆ ಕಿರಿಕಿರಿ ಆಗುವುದು ಸಹಜ, ಅಲ್ವಾ? ಆದರೆ ಇವು ಯಾರೋ ಆಫೀಸಿನಲ್ಲಿ ಕೂತು ಸುಮ್ನೆ ಬರೆದ ನಿಯಮಗಳಲ್ಲ. ಮನುಷ್ಯರು ಈ ಚಿಂಪಾಂಜಿಗಳ ಹತ್ತಿರ ಹೋಗಲು ಶುರು ಮಾಡಿ ಅರವತ್ತು ವರ್ಷ ಆಯಿತು. ಹತ್ತಿರ ಹೋದದ್ದರಿಂದ ಏನೇನಾಯಿತು ಅನ್ನುವುದು ಗೊತ್ತಾದರೆ ಈ ನಿಯಮಗಳೂ ಅರ್ಥವಾಗುತ್ತವೆ.

ಮೊದಲು ಜಾಗದ ಬಗ್ಗೆ ಸ್ವಲ್ಪ. ದೇಶದ ಪಶ್ಚಿಮ ಅಂಚಿನಲ್ಲಿ ಟಾಂಗನೀಕಾ ಸರೋವರ ಇದೆ. ಉದ್ದ ಸುಮಾರು 670 ಕಿಲೋಮೀಟರ್, ಅತಿ ಆಳದ ಕಡೆ 1,470 ಮೀಟರ್. ಅದರ ದಂಡೆಯಿಂದ ನೇರ ಮೇಲೆದ್ದ ಬೆಟ್ಟಸಾಲೇ ಮಹಾಲೆ. ತುತ್ತತುದಿ ಎನ್‌ಕುಂಗ್ವೆ, 2,462 ಮೀಟರ್. 1,613 ಚದರ ಕಿಲೋಮೀಟರ್ ಕಾಡು, ಒಳಗೆ ರಸ್ತೆ ಇಲ್ಲ. ಜೀಪಿನ ಸಫಾರಿ ಮರೆತುಬಿಡಿ, ನಡೆಯಲೇಬೇಕು. ಈಗ ದುಡ್ಡಿದ್ದವರು ಸಣ್ಣ ವಿಮಾನದಲ್ಲಿ ಸರೋವರದ ದಡಕ್ಕೆ ಬಂದು, ಅಲ್ಲಿಂದ ದೋಣಿ ಹಿಡಿಯುತ್ತಾರೆ. ಎಷ್ಟೋ ದಶಕ ಇಲ್ಲಿಗೆ ಬರಲು ಇದ್ದ ದಾರಿ ಎಂದರೆ ಸರೋವರದ ದಂಡೆಯ ಕಿಗೋಮಾ ಊರಿನಿಂದ ಹೊರಡುತ್ತಿದ್ದ ಲೀಂಬಾ ಹಡಗು. ಅದರದ್ದೇ ಒಂದು ದೊಡ್ಡ ಕಥೆ: 1913ರಲ್ಲಿ ಜರ್ಮನಿಯಲ್ಲಿ ಕಟ್ಟಿ, ಬಿಚ್ಚಿ, ಪೆಟ್ಟಿಗೆಗಳಲ್ಲಿ ಆಫ್ರಿಕಾಕ್ಕೆ ಸಾಗಿಸಿ ಮತ್ತೆ ಜೋಡಿಸಿದ ಹಡಗು. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಕೈಗೆ ಸಿಗಬಾರದೆಂದು ಜರ್ಮನರೇ ಅದನ್ನು ಮುಳುಗಿಸಿದರು. ಆಮೇಲೆ ಬ್ರಿಟಿಷರು ಮೇಲೆತ್ತಿ 1927ರಲ್ಲಿ ಮತ್ತೆ ಓಡಿಸಿದರು.

ಈ ಬೆಟ್ಟಗಳಲ್ಲಿ ಇದ್ದವರು ಟೊಂಗ್ವೆ ಜನ. ಕಾಡು ಕಡಿದು, ಸುಟ್ಟು, ಬೆಳೆ ತೆಗೆದು, ಕೆಲವು ವರ್ಷ ಬಿಟ್ಟು ಬೇರೆ ಜಾಗಕ್ಕೆ ಹೋಗುತ್ತಿದ್ದವರು. ಅವರು ಚಿಂಪಾಂಜಿ ತಿನ್ನುತ್ತಿರಲಿಲ್ಲ. ಚಿಂಪಾಂಜಿಗಳು ಇಲ್ಲಿ ಇಷ್ಟು ಉಳಿದುಕೊಂಡಿದ್ದಕ್ಕೆ ಇದೂ ಒಂದು ಕಾರಣ, ಇದನ್ನು ಹೇಳದೆ ಮುಂದೆ ಹೋಗಬಾರದು.

1960ರಲ್ಲಿ ಜೇನ್ ಗುಡಾಲ್ ಇದೇ ಸರೋವರದ ದಂಡೆಯಲ್ಲಿ, ಕಿಗೋಮಾದ ಉತ್ತರಕ್ಕಿರುವ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಗಳ ಅಧ್ಯಯನ ಶುರು ಮಾಡಿದರು. ಅದು ಎಲ್ಲರಿಗೂ ಗೊತ್ತು. ಮರುವರ್ಷವೇ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತಂಡವೂ ಈ ಸೀಮೆಗೆ ಬಂದಿತ್ತು, ಅದು ಅಷ್ಟಾಗಿ ಗೊತ್ತಿಲ್ಲ. ಕಿನ್‌ಜಿ ಇಮಾನಿಶಿ, ಜುನಿಚಿರೊ ಇತಾನಿ ಕಟ್ಟಿದ ತಂಡ ಅದು. ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಗುರುತು ಹಿಡಿದು, ಹೆಸರಿಟ್ಟು, ವರ್ಷಗಟ್ಟಲೆ ಅದರ ಬೆನ್ನು ಬೀಳುವುದು ಅವರ ರೀತಿ. ನಮ್ಮ ಧಾರವಾಡಕ್ಕೂ ಆ ರೀತಿ ಬಂದಿತ್ತು. ಕ್ಯೋಟೋದ ಯುಕಿಮಾರು ಸುಗಿಯಾಮಾ 1961ರಿಂದ 1963ರವರೆಗೆ ಧಾರವಾಡದ ಆಸುಪಾಸಿನ ಕಾಡಿನಲ್ಲಿ ಮುಸುವಗಳನ್ನು ಗಮನಿಸಿದರು. ಹೊಸ ಗಂಡು ಬಂದು ಹಿಂಡನ್ನು ವಶ ಮಾಡಿಕೊಂಡಾಗ ಹಳೆಯ ಗಂಡಿನ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಅವರು ದಾಖಲಿಸಿದರು. ಆಗ ತುಂಬಾ ಜನ ನಂಬಲಿಲ್ಲ. ಮುಂದೆ ಮಹಾಲೆಯ ಚಿಂಪಾಂಜಿಗಳಲ್ಲೂ ಗಂಡುಗಳು ಮರಿಗಳನ್ನು ಕೊಲ್ಲುವುದು ಕಂಡಿತು.

ಮಹಾಲೆಗೆ ಬಂದವರು ಇದೇ ಕ್ಯೋಟೋ ತಂಡದ ತೊಶಿಸಾದ ನಿಶಿದಾ. 1965ರಲ್ಲಿ, ಇನ್ನೂ ಇಪ್ಪತ್ತೈದು ತುಂಬದ ಹುಡುಗ. ಕಾಡು ಚಿಂಪಾಂಜಿಗಳು ಮನುಷ್ಯರನ್ನು ಕಂಡರೆ ಓಡುತ್ತಿದ್ದವು. ಜಪಾನಿನಲ್ಲಿ ಕೋತಿಗಳಿಗೆ ಗೆಣಸು ಹಾಕಿ ಹತ್ತಿರ ಕರೆದ ಅನುಭವ ಕ್ಯೋಟೋದವರಿಗೆ ಇತ್ತು. ಇಲ್ಲಿ ನಿಶಿದಾ ಕಬ್ಬು ನೆಟ್ಟರು. 1966ರಲ್ಲಿ ಒಂದು ಗುಂಪು ಕಬ್ಬಿಗೆ ಬಂತು, ಅದನ್ನು ಕೆ ಗುಂಪು ಎಂದು ಕರೆದರು. 1968ರಲ್ಲಿ ಅದಕ್ಕಿಂತ ದೊಡ್ಡ ಎಂ ಗುಂಪು ಬಂತು. ಎಂ ಬಂದಾಗ ಕೆ ಜಾಗ ಖಾಲಿ ಮಾಡುತ್ತಿತ್ತು. ಚಿಂಪಾಂಜಿಗಳು ಗಡಿ ಇಟ್ಟುಕೊಂಡ ಗುಂಪುಗಳಲ್ಲಿ ಬದುಕುತ್ತವೆ, ಗಂಡುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಹೆಣ್ಣುಗಳು ಬೇರೆ ಗುಂಪಿಗೆ ಹೋಗುತ್ತವೆ ಅನ್ನುವುದು ಗೊತ್ತಾದದ್ದು ಇಲ್ಲಿನ ಕೆಲಸದಿಂದ.

ಕಬ್ಬು ಇಲ್ಲದಿದ್ದರೆ ಇಷ್ಟೆಲ್ಲಾ ತಿಳಿಯಲು ಇನ್ನೂ ಎಷ್ಟೋ ವರ್ಷ ಬೇಕಾಗುತ್ತಿತ್ತು. ಹತ್ತಿರದಿಂದ ಕಂಡದ್ದರಲ್ಲಿ ಒಂದು ಹೀಗಿದೆ: ಎರಡು ಚಿಂಪಾಂಜಿಗಳು ಎದುರುಬದುರು ಕೂತು, ಒಂದೊಂದು ಕೈಯನ್ನು ತಲೆಯ ಮೇಲೆ ಎತ್ತಿ, ಆ ಕೈಗಳನ್ನು ಜೋಡಿಸಿ ಹಿಡಿದು, ಉಳಿದ ಕೈಯಿಂದ ಎದುರಿನದರ ಕಂಕುಳಿನ ಕೂದಲು ಬಿಡಿಸಿ ಬಿಡಿಸಿ ನೋಡುತ್ತವೆ. ಮಹಾಲೆಯಲ್ಲಿ ಇದು ದಿನನಿತ್ಯದ ದೃಶ್ಯ. ಅದೇ ಸರೋವರದ ದಂಡೆಯ ಗೊಂಬೆಯಲ್ಲಿ ಈ ಪದ್ಧತಿ ಇಲ್ಲ. 1970ರ ದಶಕದಲ್ಲಿ ಇದು ಬೆಳಕಿಗೆ ಬಂದಾಗ ಪ್ರಾಣಿಗಳಲ್ಲೂ ಊರಿಗೊಂದು ರೂಢಿ ಇರುತ್ತದಾ ಎಂಬ ಚರ್ಚೆ ಜೋರಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1987ರ ಘಟನೆ. ಚೌಸಿಕು ಎಂಬ ಹೆಣ್ಣು ಚಿಂಪಾಂಜಿಗೆ ಹುಷಾರಿರಲಿಲ್ಲ. ಸುಸ್ತಾಗಿ ಮಲಗೇ ಇತ್ತು. ಎದ್ದು ಹೋಗಿ ಒಂದು ಗಿಡದ ಎಳೆಯ ಕಾಂಡ ಮುರಿದುಕೊಂಡಿತು. ಎಲೆ ಬಿಸಾಕಿ, ಸಿಪ್ಪೆ ಸುಲಿದು, ಒಳಗಿನ ತಿರುಳನ್ನು ಅಗಿದು ರಸ ಹೀರಿ, ನಾರು ಉಗುಳಿತು. ಆ ತಿರುಳು ಭಯಂಕರ ಕಹಿ, ಚಿಂಪಾಂಜಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನೋಡುತ್ತಿದ್ದವರು ಸಂಶೋಧಕ ಮೈಕೆಲ್ ಹಫ್‌ಮನ್ ಮತ್ತು ಮೊಹಮದಿ ಸೈಫು ಕಲುಂಡೆ. ಕಲುಂಡೆ ಟೊಂಗ್ವೆಯವರು, ನಾಟಿ ವೈದ್ಯರೂ ಹೌದು. ಇದು ನಮ್ಮವರು ಹೊಟ್ಟೆನೋವಿಗೆ, ಜಂತುಹುಳಕ್ಕೆ ಕೊಡುವ ಮದ್ದು ಎಂದು ಹೇಳಿದವರು ಅವರೇ. ಮರುದಿನ ಚೌಸಿಕು ಚೇತರಿಸಿಕೊಂಡಿತ್ತು. ಆ ಗಿಡದಲ್ಲಿ ಪರೋಪಜೀವಿ ಹುಳುಗಳ ಮೇಲೆ ಕೆಲಸ ಮಾಡುವ ಅಂಶ ಇದೆ ಎಂದು ಆಮೇಲೆ ಪ್ರಯೋಗಾಲಯದಲ್ಲಿ ಕಂಡಿತು. ಪಕ್ಕದಲ್ಲಿ ಕಲುಂಡೆ ಇಲ್ಲದಿದ್ದರೆ ಒಂದು ಚಿಂಪಾಂಜಿ ಏನೋ ಗಿಡ ತಿಂದಿತು ಎಂಬಷ್ಟಕ್ಕೇ ಅದು ಮುಗಿಯುತ್ತಿತ್ತು.

ಅಷ್ಟರಲ್ಲಿ ಕಲುಂಡೆಯವರ ಜನಕ್ಕೆ ಈ ಬೆಟ್ಟದಲ್ಲಿ ಮನೆ ಉಳಿದಿರಲಿಲ್ಲ. 1970ರ ದಶಕದಲ್ಲಿ ಟಾಂಜಾನಿಯಾ ಸರ್ಕಾರ ಚದುರಿದ ಜನರನ್ನೆಲ್ಲಾ ದೊಡ್ಡ ಹಳ್ಳಿಗಳಿಗೆ ಸೇರಿಸುವ ಉಜಾಮಾ ಯೋಜನೆ ತಂದಿತು. ಟೊಂಗ್ವೆ ಜನ ಬೆಟ್ಟ ಇಳಿದರು. 1985ರಲ್ಲಿ ಮಹಾಲೆ ರಾಷ್ಟ್ರೀಯ ಉದ್ಯಾನ ಆಯಿತು, ನಿಶಿದಾ ಮತ್ತು ಜಪಾನಿನ ತಂಡ ಅದಕ್ಕಾಗಿ ತುಂಬಾ ಓಡಾಡಿದ್ದರು. ಕಾಡು ಉಳಿಯಿತು, ಅದು ಒಳ್ಳೆಯದೇ. ಆದರೆ ಅದರ ಬೆಲೆಯನ್ನು ಟೊಂಗ್ವೆಯವರು ಕಟ್ಟಿದರು, ಇದೂ ನಿಜ. ನಮ್ಮ ನಾಗರಹೊಳೆಯ ಜೇನುಕುರುಬರ ವಿಷಯ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೊಂಗ್ವೆಯವರು ಬಿಟ್ಟು ಹೋದ ಹಿತ್ತಿಲುಗಳಲ್ಲಿ ಮಾವು, ಸೀಬೆ, ನಿಂಬೆ ಮರಗಳು ಉಳಿದಿದ್ದವು. ಮುಂಚೆ ಅವನ್ನು ತಿನ್ನದಿದ್ದ ಚಿಂಪಾಂಜಿಗಳು ಮೆಲ್ಲಗೆ ತಿನ್ನಲು ಕಲಿತವು.

ಕೆ ಗುಂಪಿನ ಕಥೆ ಕೆಟ್ಟದಾಗಿ ಮುಗಿಯಿತು. ಅದರ ದೊಡ್ಡ ಗಂಡುಗಳು ಒಂದೊಂದಾಗಿ ಕಾಣೆಯಾದವು. ಎಂ ಗುಂಪಿನ ಮೇಲೆ ಅನುಮಾನ ಇತ್ತು, ಕೊಂದದ್ದನ್ನು ಕಣ್ಣಾರೆ ಕಂಡವರಿಲ್ಲ. 1980ರ ದಶಕದ ಮೊದಲ ವರ್ಷಗಳಲ್ಲಿ ಕೆ ಗುಂಪಿನ ಹೆಣ್ಣುಗಳು ಎಂ ಗುಂಪಿಗೆ ಸೇರಿಕೊಂಡವು, ಗುಂಪು ಅಲ್ಲಿಗೆ ಮುಗಿಯಿತು. 1987ರಲ್ಲಿ ಕಬ್ಬು ಹಾಕುವುದನ್ನು ಪೂರ್ತಿ ನಿಲ್ಲಿಸಿದರು. ಕಬ್ಬು ಹೋಯಿತು, ಆದರೆ ಮನುಷ್ಯರ ಬಗ್ಗೆ ಇದ್ದ ಹೆದರಿಕೆ ವಾಪಸ್ ಬರಲಿಲ್ಲ. ಇವತ್ತು ಪ್ರವಾಸಿಗಳು ನೋಡುವುದು ಈ ಎಂ ಗುಂಪನ್ನೇ. ಸುಮಾರು ಅರವತ್ತು ಚಿಂಪಾಂಜಿಗಳು, ಕಾಲುದಾರಿಯಲ್ಲಿ ನಮ್ಮ ಪಕ್ಕದಲ್ಲೇ ಸಾಲಾಗಿ ನಡೆದು ಹೋಗುತ್ತವೆ.

ಹೆದರಿಕೆ ಹೋದರೆ ರೋಗ ಬರುವ ದಾರಿ ತೆರೆಯುತ್ತದೆ. 1966ರಲ್ಲೇ ಗೊಂಬೆಯಲ್ಲಿ ಪೋಲಿಯೊ ಬಂದು ಚಿಂಪಾಂಜಿಗಳು ಸತ್ತಿದ್ದವು, ಕೆಲವಕ್ಕೆ ಕೈಕಾಲು ಸ್ವಾಧೀನ ತಪ್ಪಿತ್ತು. ಗುಡಾಲ್ ತಂಡ ಬಾಳೆಹಣ್ಣಿನಲ್ಲಿ ಲಸಿಕೆ ಇಟ್ಟು ತಿನ್ನಿಸಿತು. ಮಹಾಲೆಯಲ್ಲೂ 2006ರಲ್ಲಿ ರೋಗ ಬಂತು. ಎಂ ಗುಂಪಿನಲ್ಲಿ ಕೆಮ್ಮು, ಸುರಿಯುವ ಮೂಗು, ಏದುಸಿರು. ಸತ್ತವು, ಕಾಣೆಯಾದವು ಎಲ್ಲಾ ಸೇರಿ 12. ಪರೀಕ್ಷೆಯಲ್ಲಿ ಸಿಕ್ಕಿದ್ದು ಮೆಟಾನ್ಯುಮೊವೈರಸ್, ಮನುಷ್ಯರಲ್ಲಿ ಇರುವ ವೈರಸ್‌ಗೇ ಸೇರಿದ್ದು. ನಮಗೆ ಅದು ನಾಲ್ಕು ದಿನದ ನೆಗಡಿ. ಚಿಂಪಾಂಜಿ ಐದಾರು ವರ್ಷಕ್ಕೊಮ್ಮೆ ಒಂದು ಮರಿ ಹಾಕುವ ಪ್ರಾಣಿ. ಅರವತ್ತರ ಗುಂಪಿನಲ್ಲಿ ಹನ್ನೆರಡು ಹೋದರೆ ತುಂಬಿಕೊಳ್ಳಲು ಎಷ್ಟು ವರ್ಷ ಬೇಕು ಅಂತ ಯೋಚಿಸಿ. ಅದಾದ ಮೇಲೆಯೇ ಮಾಸ್ಕ್ ಮೇಲೆ ಅಷ್ಟು ಒತ್ತು ಬಂದದ್ದು. ಕೋವಿಡ್‌ಗೆ ಎಷ್ಟೋ ವರ್ಷ ಮೊದಲೇ ಮಹಾಲೆಯ ಕಾಡಿನಲ್ಲಿ ಜನ ಮಾಸ್ಕ್ ಹಾಕಿ ಬೆಟ್ಟ ಹತ್ತುತ್ತಿದ್ದರು. ಮಕ್ಕಳನ್ನು ಬಿಡದಿರುವುದೂ ಬಹುಪಾಲು ಇದಕ್ಕೇ, ನೆಗಡಿ ಹರಡುವುದರಲ್ಲಿ ಮಕ್ಕಳು ಮುಂದು.

ಹಾಗಾದರೆ ಪ್ರವಾಸಿಗಳೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಜನ ಓಡಾಡುವ ಕಾಡಿನಲ್ಲಿ ಬೇಟೆಗಾರ ನುಗ್ಗುವುದು ಕಷ್ಟ, ದುಡ್ಡು ಬರದಿದ್ದರೆ ಇಷ್ಟು ದೂರದ ಕಾಡನ್ನು ಕಾಯುವುದೂ ಕಷ್ಟ. ನನ್ನ ತಕರಾರು ಲೆಕ್ಕದ ಬಗ್ಗೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಚಿಂಪಾಂಜಿಗಳು ತಗ್ಗಿನ ಕಾಡಿಗೆ ಇಳಿಯುತ್ತವೆ, ಪ್ರವಾಸಿಗಳೂ ಆಗಲೇ ಜಾಸ್ತಿ. ಒಂದು ತಂಡ ಹೋದ ಮೇಲೆ ಇನ್ನೊಂದು ಬರುತ್ತದೆ. ನಮಗೆ ಒಂದು ಗಂಟೆ, ಆದರೆ ಅದೇ ಎಂ ಗುಂಪಿಗೆ ಅದು ಮೂರೋ ನಾಲ್ಕೋ ಗಂಟೆ ಆಗಬಹುದು. ಗಂಟೆಯನ್ನು ಪ್ರವಾಸಿಗಳ ಕಡೆಯಿಂದ ಎಣಿಸುವ ಬದಲು ಚಿಂಪಾಂಜಿಗಳ ಕಡೆಯಿಂದ ಎಣಿಸಬೇಕು. ದಿನಕ್ಕೆ ಇಷ್ಟೇ ಗಂಟೆ, ಎಷ್ಟು ತಂಡ ಬಂದರೂ ಸರಿ. ಬುಕ್ ಮಾಡುವ ಮುಂಚೆ ಆ ದಿನ ಎಷ್ಟು ತಂಡಗಳಿವೆ ಎಂದು ಕೇಳಿ. ಕಿಗೋಮಾದಲ್ಲೋ ದಾರಿಯಲ್ಲೋ ಗಂಟಲು ಕೆರೆಯಲು ಶುರುವಾದರೆ ಗೈಡ್‌ಗೆ ಹೇಳಿಬಿಡಿ, ಆ ದಿನ ಸರೋವರದ ದಡದಲ್ಲೇ ಉಳಿಯಿರಿ.